ಚುಕ್ಕೆ ಬಿದ್ದ ಗೋವಿನಜೋಳ

ನಮ್ಮ ರಾಣೆಬೆನ್ನೂರು ಕಡೆ ಗೋವಿನಜೋಳ ಅಂದರೆ ಹಳದಿ ಕಾಳು, ಮುಗೀತು. ರಾಶಿ ಮಾಡಿ ರಸ್ತೆ ಬದಿಗೆ ಹರವಿರುತ್ತಾರಲ್ಲ, ಅದರಲ್ಲಿ ಬೇರೆ ಬಣ್ಣ ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ಈ ಸಲ ಹಿತ್ತಲಿಗೆ ಬಣ್ಣದ ಬೀಜ ತರಿಸಿ ಹಾಕಿದ್ದೆ. ಪಿಯು ಹುಡುಗರಿಗೆ ಜೀವಶಾಸ್ತ್ರ ಹೇಳುವವರಿಗೆ ಇಂಥ ಹುಚ್ಚು ಇದ್ದದ್ದೇ. ಒಂದು ತೆನೆಯಲ್ಲಿ ಬಿಳಿ ಕಾಳಿನ ಮೇಲೆಲ್ಲ ನೇರಳೆ ಚುಕ್ಕೆ. ಪಕ್ಕದ ಮನೆ ಕಾಕಾ ನೋಡಿ, “ರೋಗ ಬಿದ್ದೈತ್ರೀ ಸರ, ಎಣ್ಣಿ ಹೊಡೀರಿ” ಅಂದರು.

ರೋಗ ಅಲ್ಲ. ಇಂಥ ಚುಕ್ಕೆಗಳನ್ನೇ ನೋಡುತ್ತಾ ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಜಿಗಿಯುವ ಜೀನ್, ಅಂದರೆ ಜಾಗ ಬದಲಿಸುವ ಡಿಎನ್ಎ ತುಣುಕು, ಕಂಡುಹಿಡಿದರು. ನೊಬೆಲ್ ಸಿಕ್ಕಿದ್ದು 1983ರಲ್ಲಿ, 81ನೇ ವಯಸ್ಸಿಗೆ. ತಡ ಅಂದರೆ ಭಾಳ ತಡ.

ಅವರಿಗೆ ಮೊದಲು ಕಂಡದ್ದು ಜಿಗಿತವಲ್ಲ, ಮುರಿತ. ಕೆಲವು ಗಿಡಗಳಲ್ಲಿ 9ನೇ ಕ್ರೋಮೋಸೋಮಿನ (ಜೀನ್ ಹೊತ್ತ ಎಳೆಯ) ಗಿಡ್ಡ ತೋಳು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಮುರಿಯುತ್ತಿತ್ತು. ಆ ಜಾಗದಲ್ಲಿದ್ದದ್ದಕ್ಕೆ ಡಿಎಸ್ (ಡಿಸೋಸಿಯೇಷನ್) ಎಂದು ಹೆಸರಿಟ್ಟರು. ಬಣ್ಣ ತಡೆಯುವ ಜೀನ್ ಅದರಾಚೆ, ತುದಿಯ ಕಡೆಗಿದೆ ಅಂದುಕೊಳ್ಳಿ. ಮುರಿದ ತುದಿಗೆ ಸೆಂಟ್ರೋಮಿಯರ್, ಅಂದರೆ ಕ್ರೋಮೋಸೋಮನ್ನು ಹೊಸ ಕೋಶಕ್ಕೆ ಎಳೆದೊಯ್ಯಲು ಬೇಕಾದ ಹಿಡಿ, ಇಲ್ಲ. ಜೀವಕೋಶ ಎರಡಾಗುವಾಗ ಅದು ಹಿಂದೆ ಉಳಿದು, ಕಳೆದೇ ಹೋಗುತ್ತದೆ. ತಡೆಯುವವನೇ ಇಲ್ಲ ಅಂದಮೇಲೆ ಜೊತೆಯ ಕ್ರೋಮೋಸೋಮಿನಲ್ಲಿರುವ ಬಣ್ಣದ ಜೀನ್ ಸುಮ್ನೆ ಇರುತ್ತದಾ? ಆ ಕೋಶದಿಂದ ಹುಟ್ಟಿದವೆಲ್ಲ ನೇರಳೆ. ಬೇಗ ಮುರಿದರೆ ದೊಡ್ಡ ಚುಕ್ಕೆ, ಕಾಳು ಬಲಿಯುವ ಹೊತ್ತಿಗೆ ಮುರಿದರೆ ಸಾಸಿವೆಗಿಂತ ಸಣ್ಣದು.

ಡಿಎಸ್ ತಾನಾಗಿ ಏನೂ ಮಾಡಲಾರದು. ಎಸಿ (ಆಕ್ಟಿವೇಟರ್) ಅನ್ನುವ ಇನ್ನೊಂದು ತುಣುಕು ಅದೇ ಗಿಡದಲ್ಲಿ ಇರಲೇಬೇಕು. ಕತ್ತರಿಸುವ ಕಿಣ್ವ ಮಾಡುವುದು ಎಸಿ. ಎರಡೂ ಜಾಗ ಬದಲಿಸುತ್ತವೆ. ಡಿಎಸ್ ಬಣ್ಣದ ಜೀನಿನೊಳಗೇ ಹೋಗಿ ಕೂತರೆ ಕಾಳು ಬಿಳಿ, ಎದ್ದು ಹೋದ ಕಡೆ ಮತ್ತೆ ನೇರಳೆ.

“ಎಸಿ ಜಾಸ್ತಿಯಾದರೆ ಚುಕ್ಕೆನೂ ದೊಡ್ಡದಾಗಬೇಕಲ್ವಾ ಸರ್?” ಎಂದು ತರಗತಿಗೆ ಆ ತೆನೆ ಒಯ್ದು ಇದನ್ನೆಲ್ಲ ಹೇಳುವಾಗ ಒಬ್ಬಳು ಕೇಳಿದಳು. ನನಗೆ ಬೇಕಾಗಿದ್ದ ಪ್ರಶ್ನೆ ಅದೇ. ಆಗುವುದು ಉಲ್ಟಾ. ಎಸಿ ಹೆಚ್ಚಿದಷ್ಟೂ ಮುರಿತ ತಡವಾಗುತ್ತದೆ, ಚುಕ್ಕೆ ಸಣ್ಣದಾಗುತ್ತದೆ. ಕಾಳಿನ ಎಂಡೋಸ್ಪರ್ಮ್‌ಗೆ (ಮೊಳಕೆಗೆ ಆಹಾರವಾಗುವ ಭಾಗಕ್ಕೆ) ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದೇ ಪಾಲು ಬರುವುದು ಪಠ್ಯದಲ್ಲೇ ಇದೆ. ಹಾಗಾಗಿ ಎಸಿ ತೆನೆಯ ಕಡೆಯಿಂದ ಬಂದರೆ ಒಂದು ಥರದ ಚುಕ್ಕೆ, ಸೂಲಂಗಿಯ ಪರಾಗದಿಂದ ಬಂದರೆ ಇನ್ನೊಂದು ಥರ.

ಹಿಂದಿನ ಬೆಂಚಿನಿಂದ ಎಂದಿನ ಮಾತು: “ಎಕ್ಸಾಮಿಗೆ ಬರುತ್ತಾ ಸರ್?” ಬರುವುದಿಲ್ಲ ಅಂದೆ. ಆದರೂ ತೆನೆ ಬೆಂಚಿನಿಂದ ಬೆಂಚಿಗೆ ಹೋಯಿತು, ವಾಪಸ್ ಬರುವಷ್ಟರಲ್ಲಿ ನಾಲ್ಕೈದು ಕಾಳು ಮಾಯ.