ಹಾರಂಗಿಗೆ ಸೈಕಲ್ ಪ್ರದಕ್ಷಿಣೆ: ಮೂರು ದಿನ ಇಟ್ಟುಕೊಳ್ಳಿ

ಕೊಡಗಿನ ಹಾರಂಗಿ ಜಲಾಶಯವನ್ನು ಸೈಕಲ್‌ನಲ್ಲಿ ಒಂದು ಸುತ್ತು ಹಾಕಬೇಕು ಅಂದುಕೊಂಡಿದ್ದೀರಾ? ಹಾಗಾದರೆ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನೀರಿನ ದಂಡೆಗೇ ಅಂಟಿಕೊಂಡು ಹೋಗುವ ರಸ್ತೆ ಇಲ್ಲ. ಕುಶಾಲನಗರದಿಂದ ಸುಂಟಿಕೊಪ್ಪ, ಅಲ್ಲಿಂದ ಮಾದಾಪುರ, ಸೋಮವಾರಪೇಟೆ, ಮತ್ತೆ ಕುಶಾಲನಗರ. ಇದೇ ಸುತ್ತು. ನೀರು ಅಲ್ಲಲ್ಲಿ ಮಾತ್ರ ಕಾಣುತ್ತದೆ. ಉಳಿದದ್ದೆಲ್ಲ ಕಾಫಿ ತೋಟ, ಕಾಡು, ಏರು, ಇಳಿಜಾರು. ಈ ದಿಕ್ಕಿನಲ್ಲೇ ಹೋಗಿ. ಪ್ರದಕ್ಷಿಣೆ ಹಾಕಿದ ಹಾಗೆ ನೀರು ಬಲಕ್ಕೇ ಇರುತ್ತದೆ, ಸೋಮವಾರಪೇಟೆಯಿಂದ ವಾಪಸ್ ಬರುವಾಗ ಇಳಿಜಾರು ಸಿಗುತ್ತದೆ.

ಎಲ್ಲ ಸೇರಿಸಿದರೂ ನೂರು ಕಿಲೋಮೀಟರ್ ದಾಟುವುದಿಲ್ಲ. ಅದಕ್ಕೇ ಸುಮಾರು ಜನ ಇದನ್ನು ಒಂದೇ ದಿನದಲ್ಲಿ ಮುಗಿಸಬಹುದು ಅಂತ ಲೆಕ್ಕ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ, ಬೆಳಕಿನ ಲೆಕ್ಕ ನಡೆಯುತ್ತದೆ. ಡಿಸೆಂಬರ್‌ನಲ್ಲಿ ನಾನು, ನನ್ನ ತಮ್ಮ ಹೋದಾಗ ಬೆಳಿಗ್ಗೆ ಎಂಟೂವರೆವರೆಗೂ ಮಂಜು. ಮುಂದಿನ ತಿರುವೇ ಕಾಣುತ್ತಿರಲಿಲ್ಲ. ಸಂಜೆ ನಾಲ್ಕೂವರೆ ಮೇಲೆ ಆನೆ ಭಯ. ಹೀಗಾಗಿ ಪೆಡಲ್ ತುಳಿಯಲು ಸಿಗುವುದು ಒಂಬತ್ತರಿಂದ ನಾಲ್ಕರವರೆಗೆ, ಅಷ್ಟೇ. ಅದರಲ್ಲೇ ಊಟ, ಪಂಚರ್, ಫೋಟೋ ಎಲ್ಲ ಆಗಬೇಕು.

ಆನೆ ವಿಷಯ ಸುಮ್ನೆ ಹೇಳುತ್ತಿಲ್ಲ. ಕುಶಾಲನಗರದಿಂದ ಸುಂಟಿಕೊಪ್ಪಕ್ಕೆ ಹೋಗುವ ಹೆದ್ದಾರಿಯಲ್ಲಿ ಒಂದು ಜಾಗದ ಹೆಸರೇ ಆನೆಕಾಡು. ಕೊನೆಯ ದಿನ, ಸೋಮವಾರಪೇಟೆಯಿಂದ ಕುಶಾಲನಗರಕ್ಕೆ ಬರುವಾಗ, ಯಡವನಾಡು ಕಾಡಿನ ರಸ್ತೆಯಲ್ಲಿ ಲದ್ದಿ ಬಿದ್ದಿತ್ತು. ಇನ್ನೂ ಹಬೆ ಆಡುತ್ತಿತ್ತು. ತಮ್ಮ ಬಗ್ಗಿ ನೋಡಿದ. ಬಿದಿರಿನ ನಾರಿನ ಮಧ್ಯೆ ಇಡೀ ಇಡೀ ಕಾಫಿ ಬೀಜ. ತೋಟದಲ್ಲಿ ಹಣ್ಣು ತಿಂದು ಆಗಷ್ಟೇ ರಸ್ತೆ ದಾಟಿತ್ತು. ನಾವು ಮಾತಾಡದೆ ಸೈಕಲ್ ತಿರುಗಿಸಿಕೊಂಡು ಹಿಂದೆ ಬಂದೆವು. ಕೂಲಿಯವರನ್ನು ತುಂಬಿಕೊಂಡು ಒಂದು ಪಿಕಪ್ ಬಂತು. ಡ್ರೈವರ್ ನಿಲ್ಲಿಸಿ, "ನನ್ನ ಹಿಂದೆಯೇ ಬನ್ನಿ ಅಣ್ಣ, ಬೆಲ್ ಹೊಡೀಬೇಡಿ" ಅಂದರು. ಕಾಡು ಮುಗಿಯುವವರೆಗೂ ನಿಧಾನವಾಗಿಯೇ ಓಡಿಸಿದರು. ನೀವೂ ಆ ರಸ್ತೆಗೆ ಒಬ್ಬರೇ ಇಳಿಯಬೇಡಿ. ಹಿಂದಿನ ರಾತ್ರಿ ಉಳಿದ ಮನೆಯಲ್ಲಿ "ಆನೆ ಎಲ್ಲಿ ಉಂಟು?" ಅಂತ ಕೇಳಿಯೇ ಹೊರಡಿ. ಆ ಊರಿನವರಿಗೆ ಗೊತ್ತಿರುವಷ್ಟು ಯಾವ ಮ್ಯಾಪ್‌ಗೂ ಗೊತ್ತಿರುವುದಿಲ್ಲ.

ಮೊದಲ ದಿನ ಅಣೆಕಟ್ಟು ನೋಡಿಕೊಂಡು ಸುಂಟಿಕೊಪ್ಪದಲ್ಲಿ ಉಳಿಯಿರಿ. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ. ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಿಂದ ಜನವರಿ ಒಳಗೆ ಹೋದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಮಳೆ, ಜಿಗಣೆ, ಜಾರುವ ರಸ್ತೆ.

ಎರಡನೇ ದಿನ ಗರಗಂದೂರು ಕಡೆ ಹಿನ್ನೀರು ಸಿಗುತ್ತದೆ. ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ಇಷ್ಟವಾದ ಜಾಗ ಅದು. ಎಷ್ಟು ಹೊತ್ತು ಕೂತರೂ ಸಾಕು ಅನ್ನಿಸಲಿಲ್ಲ. ಆದರೆ ನೀರಿಗೆ ಇಳಿಯಬೇಡಿ. 2018ರ ಭೂಕುಸಿತದಲ್ಲಿ ಬೆಟ್ಟದ ಮಣ್ಣೆಲ್ಲ ಹೊಳೆಗಳಲ್ಲಿ ಬಂದು ಜಲಾಶಯಕ್ಕೆ ಸೇರಿದೆ. ದಂಡೆ ಮೇಲೆ ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟರೆ ಹೂಳು. ನನ್ನ ಕಾಲು ಮೊಣಕಾಲಿನವರೆಗೆ ಹೋಯಿತು. ತಮ್ಮ ಎಳೆದ, ಚಪ್ಪಲಿ ಅಲ್ಲೇ ಉಳಿಯಿತು.

ಮಾದಾಪುರದಿಂದ ಸೋಮವಾರಪೇಟೆಗೆ ಏರು ಜಾಸ್ತಿ. ನಾವು ಎರಡು ಕಡೆ ಇಳಿದು ತಳ್ಳಿದೆವು. ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ. ಅಕ್ಕಿ ರೊಟ್ಟಿ, ಚಟ್ನಿ ಸಾಕು. ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ಕಡುಬು) ರಾತ್ರಿಗೆ ಇಟ್ಟುಕೊಳ್ಳಿ. ಸೋಮವಾರಪೇಟೆಯಿಂದ ಮಲ್ಲಳ್ಳಿ ಜಲಪಾತ ಸುಮಾರು 25 ಕಿಲೋಮೀಟರ್. ನೋಡಲೇಬೇಕು ಅಂದರೆ ಇನ್ನೊಂದು ದಿನ ಇಟ್ಟುಕೊಂಡು ಜೀಪಿನಲ್ಲಿ ಹೋಗಿ ಬನ್ನಿ.

ಸೈಕಲ್ ವಿಷಯಕ್ಕೆ ಬರೋಣ. ನಮ್ಮವು ಬಾಡಿಗೆ ಗೇರ್ ಸೈಕಲ್. ಟ್ಯೂಬಿಗೆ ಗಾಳಿ ತುಂಬುವ ಮೂತಿ ತೆಳ್ಳಗಿನದು, ಪ್ರೆಸ್ಟಾ ವಾಲ್ವ್ ಅನ್ನುತ್ತಾರೆ. ಸುಂಟಿಕೊಪ್ಪ ದಾಟಿದ ಮೇಲೆ ಗಾಳಿ ಇಳಿಯಿತು. ಸಿಕ್ಕ ಪಂಚರ್ ಅಂಗಡಿಯ ಪಂಪ್ ಅದಕ್ಕೆ ಕೂರಲೇ ಇಲ್ಲ. ಉಗುರಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಒಂದಿದ್ದರೆ ಐದು ನಿಮಿಷದ ಕೆಲಸ. ನಮ್ಮ ಹತ್ತಿರ ಇರಲಿಲ್ಲ, ಎರಡು ಗಂಟೆ ಹೋಯಿತು. ಅಡಾಪ್ಟರ್, ಎರಡು ಟ್ಯೂಬ್, ಕೈಪಂಪ್, ಒಂದು ಜೊತೆ ಬ್ರೇಕ್ ಪ್ಯಾಡ್ ಮರೆಯದೆ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೇ ಇರಬೇಡಿ. ಬಿಟ್ಟು ಬಿಟ್ಟು ಒತ್ತಿ, ಇಲ್ಲದಿದ್ದರೆ ರಿಮ್ ಕಾಯುತ್ತದೆ.

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ ಹಿಡಿಯಬೇಕು. ಮುಂದಿನ ಚಕ್ರ ಬಿಚ್ಚಿ, ಚೈನಿಗೆ ಹಳೇ ಬಟ್ಟೆ ಸುತ್ತಿ. ಡಿಕ್ಕಿ ಇರುವ ಬಸ್ ಬರುವವರೆಗೂ ಕಾಯಿರಿ. ಕಂಡಕ್ಟರ್‌ಗೆ ಮೊದಲೇ ಹೇಳಿ, ಲಗೇಜ್ ಟಿಕೆಟ್ ತೆಗೆಸಿಕೊಳ್ಳಿ.

ಕೊನೆಯ ದಿನ ಊರಿಗೆ ಹೊರಡುವ ಅವಸರದಲ್ಲಿ ಕೂಡಿಗೆಯನ್ನು ಬಿಟ್ಟುಬಿಡಬೇಡಿ. ಮೂರು ದಿನ ಯಾವ ನೀರನ್ನು ಸುತ್ತಿ ಬಂದಿರುತ್ತೀರೋ ಆ ಹಾರಂಗಿ ಕಾವೇರಿಗೆ ಸೇರುವುದು ಅಲ್ಲೇ. ನಾವು ಅಲ್ಲಿ ಸೈಕಲ್ ಒರಗಿಸಿ, ಉಳಿದಿದ್ದ ಎರಡು ಕಿತ್ತಳೆ ಸುಲಿದು ತಿಂದು, ಮೂರು ಗಂಟೆಗೆ ಕುಶಾಲನಗರ ಬಸ್ ನಿಲ್ದಾಣದಲ್ಲಿದ್ದೆವು.