ಎಳೆದೊಯ್ಯುವ ಮನೆಗೊಂದು ಹಲಗೆ

ಇಂಡಿಯಾನಾ ರಾಜ್ಯದ ಉತ್ತರದ ಅಂಚಿನಲ್ಲಿ ಎಲ್ಕಾರ್ಟ್ ಎಂಬ ಊರಿದೆ. ಅಮೆರಿಕನ್ನರು ರಜೆ ಬಂದರೆ ಪಿಕಪ್ ಟ್ರಕ್ಕಿನ ಹಿಂದೆ ಸಿಕ್ಕಿಸಿಕೊಂಡು ಎಳೆದೊಯ್ಯುವ ಮನೆಗಳು, ಅಂದರೆ ಟ್ರಾವೆಲ್ ಟ್ರೇಲರ್‌ಗಳು, ಬಹುಪಾಲು ಹುಟ್ಟುವುದು ಆ ಊರಿನಲ್ಲಿ ಮತ್ತು ಅದರ ಆಸುಪಾಸಿನಲ್ಲಿ. ಈ ದೇಶದಲ್ಲಿ ತಯಾರಾಗುವ ಇಂಥ ವಾಹನಗಳಲ್ಲಿ ಹತ್ತಕ್ಕೆ ಎಂಟು ಇಂಡಿಯಾನಾದವು. ನಾವಿರುವ ಇಂಡಿಯಾನಾಪೊಲಿಸ್‌ನಿಂದ ಎಲ್ಕಾರ್ಟಿಗೆ ಯುಎಸ್ 31 ಹೆದ್ದಾರಿಯಲ್ಲಿ ಹೋದರೆ ಮೂರು ಗಂಟೆಯ ಒಳಗಿನ ದಾರಿ. ಆದ್ದರಿಂದ ಇಲ್ಲಿ ಮನೆಗಳ ಮುಂದೆ ಹಳೆಯ ಟ್ರೇಲರ್‌ಗಳು ‘ಮಾರಾಟಕ್ಕಿದೆ’ ಎಂಬ ಚೀಟಿ ಅಂಟಿಸಿಕೊಂಡು ನಿಂತಿರುವುದು ಸಾಮಾನ್ಯ ನೋಟ. ಹೋಟೆಲ್ ಬಾಡಿಗೆ ಕೊಟ್ಟು ಸಾಕಾಗಿದ್ದ ನಾವೂ ಅಂಥದ್ದೊಂದನ್ನು ಕೊಂಡೆವು. ಒಂದು ಮಂಚ, ಊಟದ ಮೇಜಿನ ಎರಡು ಬದಿಗೆ ಬೆಂಚು, ಎರಡು ಒಲೆ, ತಿರುಗಲು ಜಾಗವಿಲ್ಲದ ಬಚ್ಚಲು. ಬೆಲೆ ಇಳಿಸಲು ನನಗೆ ಸಿಕ್ಕ ಒಂದೇ ನೆಪವೆಂದರೆ ಅಡುಗೆ ಕಟ್ಟೆಯ ಕೆಳಗಿನ ಕಪಾಟಿಗೆ ನಡೆದಾಡುವ ಬದಿಯಲ್ಲಿ ಒಂದು ಹಲಗೆಯೇ ಇರಲಿಲ್ಲ. ಮಾರಿದವರು ಅದು ಎಲ್ಲಿ ಹೋಯಿತೆಂದು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ, ಬೆಲೆ ಇಳಿದಿತ್ತು.

ಹಲಗೆ ಇಲ್ಲದ ಆ ಕಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಟ್ರೇಲರಿನ ಒಳಗುಟ್ಟೆಲ್ಲ ಹೊರಬೀಳುತ್ತದೆ. ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ ಪ್ಲಾಸ್ಟಿಕ್ ಕೊಳವೆ. ಚಳಿಗಾಲದಲ್ಲಿ ಕೊಳವೆಗಳು ಹೆಪ್ಪುಗಟ್ಟಿ ಸೀಳದಿರಲೆಂದು ಹಿಂದಿನ ಒಡೆಯರು ತುಂಬಿದ್ದ ಗುಲಾಬಿ ಬಣ್ಣದ ದ್ರವ ಒಂದು ಕೀಲಿನಲ್ಲಿ ಜಿನುಗಿ ಒಣಗಿತ್ತು. ಅದರ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ: ಪ್ರೊಪೇನ್ ಅನಿಲದಿಂದ ಉರಿದು ಟ್ರೇಲರನ್ನು ಬೆಚ್ಚಗಿಡುವ ಫರ್ನೇಸ್. ಇವೆಲ್ಲವನ್ನೂ ಮುಚ್ಚಿಡಬೇಕಾದ ಹಲಗೆ ಸುಮಾರು ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ನನ್ನ ಹೆಂಡತಿ ಒಂದು ಹಳೆಯ ಸೀರೆಯ ತುಂಡನ್ನು ಪರದೆಯಾಗಿ ಕಟ್ಟಿಬಿಡೋಣ ಎಂದಳು. ಫರ್ನೇಸ್ ಇಲ್ಲದ ಜಾಗವಾಗಿದ್ದರೆ ನಾನು ಅದಕ್ಕೇ ಒಪ್ಪಿ ಕಾಫಿ ಕುಡಿಯಲು ಹೋಗುತ್ತಿದ್ದೆ.

ಮೊದಲು ವಿಚಾರಿಸಿದ್ದು ಬಿಡಿಭಾಗ ಮಾರುವ ಅಂಗಡಿಯಲ್ಲಿ. ಅವರು ಗಾಡಿಯ ಗುರುತು ಸಂಖ್ಯೆ ಕೇಳಿ, ಕಂಪ್ಯೂಟರ್ ನೋಡಿ, ಇಲ್ಲವೆಂದು ತಲೆಯಾಡಿಸಿದರು. ನೀರಿನ ಪಂಪು, ಕಿಟಕಿ, ಬಾಗಿಲ ಚಿಲಕ ಇವಕ್ಕೆಲ್ಲ ನಂಬರ್ ಇರುತ್ತದೆ. ಕಪಾಟಿನ ಹಲಗೆಗೆ ಇರುವುದಿಲ್ಲ. ಕಾರ್ಖಾನೆಯಲ್ಲಿ ಆಯಾ ಮಾದರಿಗೆ ಆಯಾ ವರ್ಷ ಕತ್ತರಿಸಿ ಹೊಡೆಯುತ್ತಾರೆ, ಮುಂದಿನ ವರ್ಷ ಬಣ್ಣವೂ ಅಳತೆಯೂ ಬದಲಾಗುತ್ತವೆ. ಅದರ ಮೇಲೆ ನಮ್ಮ ಟ್ರೇಲರ್ ಕಟ್ಟಿದ ಕಂಪನಿಯೇ ಈಗ ಇಲ್ಲ. 2008ರ ಆರ್ಥಿಕ ಕುಸಿತದಲ್ಲಿ ಈ ಉದ್ಯಮದ ಎಷ್ಟೋ ಹೆಸರುಗಳು ಅಳಿಸಿಹೋದವು. ಕೆಲಸ ಕಳೆದುಕೊಂಡವರ ಊರೆಂದು ಎಲ್ಕಾರ್ಟ್ ಆಗ ಎಷ್ಟು ಸುದ್ದಿಯಾಗಿತ್ತೆಂದರೆ, ಅಧಿಕಾರಕ್ಕೆ ಬಂದ ಮರುತಿಂಗಳೇ, 2009ರ ಫೆಬ್ರುವರಿಯಲ್ಲಿ, ಅಧ್ಯಕ್ಷ ಒಬಾಮ ಅಲ್ಲಿಗೆ ಹೋಗಿ ಜನರ ಮುಂದೆ ನಿಂತಿದ್ದರು. ರಿಪೇರಿ ಅಂಗಡಿಯಲ್ಲಿ ಹೊಸದಾಗಿ ಮಾಡಿಸಬಹುದೇ ಎಂದರೆ, ಗಂಟೆಗೆ ಅವರು ಹೇಳಿದ ಕೂಲಿಯಲ್ಲಿ ನಮ್ಮ ಊರಿನ ಬಡಗಿಯೊಬ್ಬರು ಬಾಗಿಲ ಸಮೇತ ಕಪಾಟನ್ನೇ ಮಾಡಿಕೊಟ್ಟಾರು.

ಇಷ್ಟು ಹೊತ್ತಿಗೆ ಬೆಂಗಳೂರಿನಿಂದ ಮಾವನವರು ಬಂದರು. ಅವರು ಕೆಎಸ್‌ಆರ್‌ಟಿಸಿಯ ಕೆಂಗೇರಿ ಕಾರ್ಯಾಗಾರದಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ವಿಭಾಗದಲ್ಲಿದ್ದು ನಿವೃತ್ತರಾದವರು. ಬಂದವರು ಮಗಳ ಮನೆಯನ್ನು ಅರ್ಧ ಗಂಟೆ ನೋಡಿದರು. ಟ್ರೇಲರನ್ನು ಅರ್ಧ ದಿನ ನೋಡಿದರು. ಬೆರಳ ಗೆಣ್ಣಿನಿಂದ ಒಳಗೋಡೆಗಳನ್ನೆಲ್ಲ ತಟ್ಟಿ, ಕಂಡಿಯ ಮುಂದೆ ಮಂಡಿಯೂರಿ ಕೂತು ಕೇಳಿದರು:

“ಅಳಿಯಂದಿರೇ, ಇದಕ್ಕೆ ಒಂದು ರಿವೆಟ್ಟೂ ಇಲ್ಲವಲ್ಲ?”

“ಇಲ್ಲ ಮಾವ. ಸ್ಟೇಪಲ್ ಪಿನ್ನು ಹೊಡೆದಿದ್ದಾರೆ. ಅಲ್ಲಲ್ಲಿ ಸ್ಕ್ರೂ ಇದೆ.”

“ಆಫೀಸಿನಲ್ಲಿ ಕಾಗದಕ್ಕೆ ಹೊಡೆಯುವ ಪಿನ್ನೇ?”

“ಅದಕ್ಕಿಂತ ಸ್ವಲ್ಪ ದೊಡ್ಡದು.”

ಅವರು ಮರುಮಾತಾಡಲಿಲ್ಲ. ಸೊಸೈಟಿ ಅಕ್ಕಿಯಲ್ಲಿ ಕಲ್ಲು ಸಿಕ್ಕಾಗ ಮಾಡುವ ಮುಖ ಮಾಡಿದರು.

ಮಾವನವರ ಬೇಸರದಲ್ಲಿ ನ್ಯಾಯವಿದೆ. ಟ್ರೇಲರಿನ ಕಪಾಟು ಎಂದರೆ ಮುಕ್ಕಾಲು ಅಂಗುಲ ದಪ್ಪ, ಒಂದೂವರೆ ಅಂಗುಲ ಅಗಲದ ಮೆದು ಪೈನ್ ಮರದ ರೀಪುಗಳ ಚೌಕಟ್ಟು. ಅದರ ಮೇಲೆ ಒಂದು ನೂಲಿನಷ್ಟು, ಎಂದರೆ ಅಂಗುಲದ ಎಂಟನೇ ಒಂದು ಪಾಲು ದಪ್ಪದ ಪ್ಲೈವುಡ್. ಅದರ ಮೇಲೆ ಮರದ ಗೆರೆ ಅಚ್ಚು ಹಾಕಿದ ಕಾಗದ ಅಥವಾ ವಿನೈಲ್ ಹೊದಿಕೆ. ಆ ತೆಳು ಪ್ಲೈವುಡ್ಡನ್ನು ಇಲ್ಲಿ ಲುವಾನ್ ಎನ್ನುತ್ತಾರೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಮಲೇಷ್ಯಾ ಕಡೆಯ ಮರ. ಬುದ್ಧ ಪರಿನಿರ್ವಾಣ ಹೊಂದಿದ ಶಾಲವೃಕ್ಷದ ಹತ್ತಿರದ ಬಳಗ. ಅಷ್ಟು ದೊಡ್ಡ ಕುಲದ ಮರ ಇಲ್ಲಿಗೆ ಬಂದು ಪ್ಲಾಸ್ಟಿಕ್ ಹೊದ್ದು ತಾನು ಓಕ್ ಎಂದು ನಟಿಸುತ್ತಿದೆ.

ಆದರೆ ತೆಳ್ಳಗಿರುವುದು ಬರೀ ಕಂಜೂಸುತನವಲ್ಲ. ಬಾಗಿಲ ಬಳಿ ಒಂದು ಹಳದಿ ಚೀಟಿ ಅಂಟಿಸಿರುತ್ತಾರೆ: ಈ ಟ್ರೇಲರಿನಲ್ಲಿ ನೀವು ತುಂಬುವ ಸಾಮಾನಿನ ಭಾರ ಇಂತಿಷ್ಟು ಪೌಂಡು ಮೀರಕೂಡದು ಎಂದು. ಅಡುಗೆ, ಸ್ನಾನಕ್ಕೆಂದು ಮೂವತ್ತು ಗ್ಯಾಲನ್ ನೀರು ತುಂಬಿದರೇ 250 ಪೌಂಡು ಹೋಯಿತು. ಮಿಕ್ಕಿದ್ದರಲ್ಲಿ ಪಾತ್ರೆ, ಬಟ್ಟೆ, ಸೈಕಲ್, ಕುಕ್ಕರ್. ಮಾವನವರು ಮುಕ್ಕಾಲು ಅಂಗುಲದ ಗಟ್ಟಿ ಪ್ಲೈವುಡ್ ತಂದು ಹಲಗೆ ಮಾತ್ರವಲ್ಲ, ಇಡೀ ಕಪಾಟನ್ನೇ ಹೊಸದಾಗಿ ಕಟ್ಟೋಣ ಎಂದು ನಕ್ಷೆ ಬರೆಯಲು ಕೂತಿದ್ದರು. ಎಂಟಡಿ ಉದ್ದ ನಾಲ್ಕಡಿ ಅಗಲದ ಅಂಥ ಒಂದು ಹಾಳೆ ಅರವತ್ತು ಪೌಂಡಿಗಿಂತ ಕಡಿಮೆ ತೂಗುವುದು ಅಪರೂಪ. ತೂಕದ ಲೆಕ್ಕ ಹೇಳಿದ ಮೇಲೆ ಅವರು ತಾವಾಗಿಯೇ ಪೆನ್ಸಿಲ್ ಕೆಳಗಿಟ್ಟರು. ಆಕ್ಸಲ್ ಮೇಲಿನ ಭಾರದ ವಿಷಯ ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಹಾಳೆ ತರಲು ಎಲ್ಕಾರ್ಟಿಗೇ ಹೋದೆವು. ಆ ಕಡೆ ಕಾರ್ಖಾನೆಗಳಲ್ಲಿ ಉಳಿದ, ಮಾದರಿ ಬದಲಾದ್ದರಿಂದ ಬೇಡವಾದ ಸಾಮಾನುಗಳನ್ನೇ ಮಾರುವ ದೊಡ್ಡ ಶೆಡ್ಡುಗಳಿವೆ. ಒಂದು ಸಾಲಿನಲ್ಲಿ ಪುಟ್ಟ ಪುಟ್ಟ ಸಿಂಕುಗಳು, ಇನ್ನೊಂದರಲ್ಲಿ ಕಪಾಟಿನ ಬಾಗಿಲುಗಳು, ಗೋಡೆಗೆ ಒರಗಿಸಿದ ಮುದ್ರಿತ ಲುವಾನ್ ಹಾಳೆಗಳು. ಮೂಲೆ ಮುರಿದ ಹಾಳೆಯಾದರೆ ಚೌಕಾಸಿಯೂ ನಡೆಯುತ್ತದೆ. ಅಮೆರಿಕದಲ್ಲಿ ನಾನು ಚೌಕಾಸಿ ಕಂಡ ಕೆಲವೇ ಜಾಗಗಳಲ್ಲಿ ಇದೊಂದು. ಮಾವನವರಿಗೆ ಇಂಗ್ಲಿಷಿನ ಹಂಗೇ ಬೇಕಾಗಲಿಲ್ಲ. ಹಾಳೆ ಎಳೆದು, ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಾಗಿದ್ದನ್ನು ತಲೆಯಾಡಿಸಿ ಹಿಂದಕ್ಕೆ ತಳ್ಳುತ್ತಾ ಹೋದರು. ನಮ್ಮ ಕಪಾಟಿನ ಬಣ್ಣಕ್ಕೆ ಹೊಂದುವುದು ಸಿಗಲಿಲ್ಲ. ಬಿಳಿ ಬಣ್ಣದ್ದೊಂದನ್ನು ಆರಿಸಿದೆವು. ಹಾಳೆಯ ಹಿಂಬದಿಯಲ್ಲಿ ಫಾರ್ಮಾಲ್ಡಿಹೈಡ್ ಮಿತಿಯೊಳಗಿದೆ ಎಂಬ ಮುದ್ರೆ ಇದೆಯೇ ಎಂದು ನಾನು ನೋಡಿದೆ. 2005ರಲ್ಲಿ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರನ್ನು ಸರ್ಕಾರ ಇಂಥ ಟ್ರೇಲರ್‌ಗಳಲ್ಲಿ ಇರಿಸಿತ್ತು. ಪ್ಲೈವುಡ್ಡಿನ ಅಂಟಿನಿಂದ ಹೊಮ್ಮಿದ ಆ ಅನಿಲದಿಂದ ಕಣ್ಣುರಿ, ಉಸಿರಾಟದ ತೊಂದರೆ ಎಂದು ಜನ ದೂರಿದರು. ಆ ಗಲಾಟೆಯ ನಂತರ 2010ರಲ್ಲಿ ಅದಕ್ಕೊಂದು ಕಾನೂನೇ ಬಂತು. ಇಷ್ಟು ಚಿಕ್ಕ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗುವವರಿಗೆ ಆ ಮುದ್ರೆ ಅಲಂಕಾರದ್ದಲ್ಲ.

ದಾರಿಯಲ್ಲಿ ಕುದುರೆಗಾಡಿಗಳು ಎದುರಾದಾಗ ಮಾವನವರು ಕಾರು ನಿಧಾನ ಮಾಡಿಸಿದರು. ಎಲ್ಕಾರ್ಟ್ ಮತ್ತು ಪಕ್ಕದ ಲಗ್ರೇಂಜ್ ಜಿಲ್ಲೆಗಳು ಆಮಿಷ್ ಎಂಬ ಕ್ರೈಸ್ತ ಪಂಗಡದ ಜನರ ದೊಡ್ಡ ನೆಲೆ. ಸ್ವಂತ ಕಾರು ಇಟ್ಟುಕೊಳ್ಳದ, ಮನೆಗೆ ಊರಿನ ವಿದ್ಯುತ್ ತಂತಿ ಎಳೆಸಿಕೊಳ್ಳದ ಈ ಜನರಲ್ಲಿ ಸಾವಿರಾರು ಗಂಡಸರಿಗೆ ದುಡಿಮೆ ಈ ಟ್ರೇಲರ್ ಕಾರ್ಖಾನೆಗಳಲ್ಲೇ. ನಸುಕಿನಲ್ಲಿ ಕೆಲಸ ಶುರು, ಮಧ್ಯಾಹ್ನಕ್ಕೆ ಮುಗಿಸಿ ಸೈಕಲ್ ಹತ್ತುತ್ತಾರೆ. ನಮ್ಮ ಕಪಾಟಿಗೆ ಪಿನ್ನು ಹೊಡೆದದ್ದು ಅವರಲ್ಲೊಬ್ಬರೇ ಇರಬಹುದು ಎಂದೆ. “ಅವರ ಮನೆಯ ಕಪಾಟು ಹೇಗಿರುತ್ತದೆ?” ಎಂದು ಕೇಳಿದರು ಮಾವನವರು. ಮನೆಗೆ ಅವರು ಮಾಡುವ ಓಕ್ ಮರದ ಪೀಠೋಪಕರಣಕ್ಕೆ ದೇಶದಲ್ಲೆಲ್ಲ ಹೆಸರಿದೆ ಎಂದೆ. “ಹಾಗಾದರೆ ಕೈ ಗೊತ್ತಿದ್ದೇ ಹೀಗೆ ಮಾಡುತ್ತಾರೆ” ಎಂದರು. ದಿನಕ್ಕೆ ಇಷ್ಟು ಗಾಡಿ ಎಂಬ ಲೆಕ್ಕದ ಕೂಲಿ ಅದು. ತಮ್ಮ ಕಾರ್ಯಾಗಾರದ ದಿನಗಳನ್ನು ನೆನೆದೋ ಏನೋ, ಮಾವನವರು ಆಮೇಲೆ ಪಿನ್ನಿನ ಮಾತೆತ್ತಲಿಲ್ಲ.

ಅಳತೆ ತೆಗೆಯುವುದೇ ಈ ಕೆಲಸದ ಮುಕ್ಕಾಲು ಪಾಲು. ಟ್ರೇಲರಿನಲ್ಲಿ ಮೂಲೆಮಟ್ಟಕ್ಕೆ ಒಪ್ಪುವ ಮೂಲೆ ಹುಡುಕಿದರೂ ಸಿಗದು. ವರ್ಷಗಟ್ಟಲೆ ಹೆದ್ದಾರಿಯಲ್ಲಿ ಅಲುಗಾಡಿದ ಚೌಕಟ್ಟು ಒಂದು ಬದಿಗೆ ವಾಲಿರುತ್ತದೆ, ನೆಲ ಸಮವಿರುವುದಿಲ್ಲ, ಗಾಡಿಯೇ ಓರೆ ನಿಂತಿದ್ದರೆ ರಸಮಟ್ಟಕ್ಕೆ ಅರ್ಥವಿಲ್ಲ. ಹಾಗಾಗಿ ಟೇಪು ಹಿಡಿದು ಅಂಕಿ ಬರೆದುಕೊಳ್ಳುವ ಬದಲು, ಪಾರ್ಸೆಲ್ ಬಂದ ಡಬ್ಬದ ರಟ್ಟನ್ನೇ ಕಂಡಿಗೆ ಒತ್ತಿ ಹಿಡಿದು, ಸವರಿ ಸವರಿ ಕೂರಿಸಿ, ಆ ರಟ್ಟನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದೆವು. ಕತ್ತರಿಸುವ ಮೊದಲು ಗೆರೆಯ ಮೇಲೆ ಕಾಗದದ ಟೇಪು ಅಂಟಿಸಿ ಚೂರಿಯಿಂದ ಗೀರಬೇಕು, ಇಲ್ಲದಿದ್ದರೆ ಗರಗಸದ ಹಲ್ಲು ಮೇಲಿನ ಹೊದಿಕೆಯನ್ನು ಕಿತ್ತು ಅಂಚನ್ನು ಹರಕು ಮಾಡುತ್ತದೆ. ಚೌಕಟ್ಟಿನಲ್ಲಿ ಹಳೆಯ ಸ್ಕ್ರೂಗಳ ತೂತುಗಳು ಸಡಿಲವಾಗಿದ್ದವು. ಮಾವನವರು ಬೆಂಕಿಕಡ್ಡಿಗಳನ್ನು ಅಂಟಿನಲ್ಲದ್ದಿ ತೂತಿಗೆ ತುರುಕಿ, ಒಣಗಿದ ಮೇಲೆ ಮಟ್ಟಸವಾಗಿ ಕತ್ತರಿಸಿದರು. ಸ್ಕ್ರೂ ಮತ್ತೆ ಬಿಗಿಯಾಗಿ ಕಚ್ಚಿತು. ಸ್ಕ್ರೂಗಳ ತಲೆಯಲ್ಲಿ ನಮಗೆ ರೂಢಿಯಿರುವ ನಕ್ಷತ್ರದ ಗುರುತಿಲ್ಲ, ಚೌಕದ ಗುಳಿ. ಕೆನಡಾದ ರಾಬರ್ಟ್‌ಸನ್ ಎಂಬಾತ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ತಂದದ್ದು, ತಿರುಗಿಸುವಾಗ ಜಾರುವುದಿಲ್ಲ. ಟ್ರೇಲರ್ ಇಟ್ಟುಕೊಂಡವರ ಡ್ರಾಯರಿನಲ್ಲಿ ಅದರ ಎರಡನೇ ನಂಬರಿನ ಬಿಟ್ ಇರಲೇಬೇಕು.

ಇನ್ನು ಮುಖ್ಯ ಸಂಗತಿ. ಈ ಹಲಗೆ ಪೂರ್ತಿ ಮುಚ್ಚುವ ಹಲಗೆಯಲ್ಲ. ಫರ್ನೇಸಿನ ಉರಿಗೆ ಬೇಕಾದ ಗಾಳಿ ಟ್ರೇಲರಿನ ಹೊರಗೋಡೆಯ ಕಿಂಡಿಯಿಂದ ಬಂದು ಹೊಗೆಯಾಗಿ ಅಲ್ಲಿಂದಲೇ ಹೊರಹೋಗುತ್ತದೆ. ಬಿಸಿಯಾಗಬೇಕಾದ ಕೋಣೆಯ ಗಾಳಿ ಬೇರೆ: ಅದನ್ನು ಫ್ಯಾನು ಕಪಾಟಿನ ಒಳಗಿನಿಂದ ಎಳೆದುಕೊಂಡು, ಬಿಸಿ ತಗಡಿನ ಮೇಲೆ ಹಾಯಿಸಿ, ನೆಲದ ಕಿಂಡಿಗಳಿಂದ ಕೋಣೆಗೆ ದೂಡುತ್ತದೆ. ಆ ಗಾಳಿ ಕಪಾಟಿನೊಳಗೆ ಬರಲು ದಾರಿ ಬೇಕು. ಚೆಂದಕ್ಕೆಂದು ಕಂಡಿಯನ್ನು ಗಟ್ಟಿಯಾಗಿ ಮುಚ್ಚಿಬಿಟ್ಟರೆ ಫರ್ನೇಸ್ ಅತಿಯಾಗಿ ಕಾದು, ಒಳಗಿನ ಸುರಕ್ಷತಾ ಸ್ವಿಚ್ ಉರಿಯನ್ನು ಆರಿಸುತ್ತದೆ. ತಣ್ಣಗಾದ ಮೇಲೆ ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಕೋಣೆ ಬೆಚ್ಚಗಾಗುವುದಿಲ್ಲ, ಬ್ಯಾಟರಿ ಮಾತ್ರ ಖಾಲಿ. ಇದನ್ನು ವಿವರಿಸುತ್ತಿದ್ದಂತೆ ಮಾವನವರು ನಡುವೆಯೇ ತಡೆದು, “ರೇಡಿಯೇಟರ್ ಮುಂದೆ ತಗಡು ಹೊಡೆದು ಶಿರಾಡಿ ಘಾಟಿ ಹತ್ತಿಸು ಎಂದ ಹಾಗಾಯಿತು” ಎಂದರು. ಸೀರೆಯ ಪರದೆ ಏಕೆ ಬೇಡ ಎಂಬುದನ್ನೂ ಮಗಳಿಗೆ ಅವರೇ ಹೇಳಿದರು: ಫ್ಯಾನು ಬಟ್ಟೆಯನ್ನು ಒಳಕ್ಕೆಳೆದು ಬಿಸಿ ತಗಡಿಗೆ ಅಂಟಿಸೀತು.

ಎಷ್ಟು ದಾರಿ ಬೇಕೆಂಬುದು ಫರ್ನೇಸಿನ ಕೈಪಿಡಿಯಲ್ಲಿ ಚದರ ಅಂಗುಲದಲ್ಲಿ ಅಚ್ಚಾಗಿರುತ್ತದೆ. ಜಾಲರಿ ಕೊಳ್ಳುವಾಗ ಹನ್ನೆರಡು ಅಂಗುಲ ಅಗಲ, ಎಂಟು ಅಂಗುಲ ಎತ್ತರ, 96 ಚದರ ಅಂಗುಲ ಎಂದು ಗುಣಿಸಿ ನೆಮ್ಮದಿಯಾಗಿ ಕೂರುವಂತಿಲ್ಲ; ಜಾಲರಿಯ ಪಟ್ಟಿಗಳು ನುಂಗುವ ಜಾಗ ಕಳೆಯಬೇಕು. ನಾವು ಬೇಕಾದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ಹಾಕಿದೆವು. ಅದರ ಹಿಂದೆ ಇಲಿ ನುಗ್ಗದಂತೆ ತಂತಿಬಲೆ ಹೊಡೆಯೋಣ ಎಂಬ ನನ್ನ ಸಲಹೆಯನ್ನು ಮಾವನವರು ತಳ್ಳಿಹಾಕಿದರು: ಬಲೆಗೆ ಧೂಳು ಕಟ್ಟಿದರೆ ಮತ್ತೆ ಗಾಳಿ ನಿಲ್ಲುತ್ತದೆ, ಇಲಿ ಬರುವುದು ನೆಲದ ತೂತಿನಿಂದ, ಮುಚ್ಚಬೇಕಾದ್ದು ಅದನ್ನು. ಕೊಳವೆಗಳು ನೆಲ ತೂರುವ ಜಾಗದಲ್ಲಿ ಉಕ್ಕಿನ ಉಣ್ಣೆ ತುರುಕಿ ಮುಗಿಸಿದೆವು. ಹಲಗೆಗೆ ಅಂಟು ಹಚ್ಚಲಿಲ್ಲ, ನಾಲ್ಕು ಮೂಲೆಗೂ ಸ್ಕ್ರೂ ಮಾತ್ರ. ಫರ್ನೇಸ್ ಕೆಟ್ಟಾಗ ಬಿಚ್ಚಬೇಕಲ್ಲ. ಅಯಸ್ಕಾಂತದ ಹಿಡಿಕೆ ಹಾಕಿದರೆ ಮೊದಲ ಗುಂಡಿಯಲ್ಲೇ ಹಲಗೆ ಕಳಚಿ ಬಿದ್ದಿರುತ್ತದೆ. ಹಿಂದಿನದು ಕಾಣೆಯಾದದ್ದೂ ಹಾಗೆಯೇ ಎಂದು ನನ್ನ ಗುಮಾನಿ.

ಅಕ್ಟೋಬರ್ ಮೊದಲ ವಾರ ಮಿಷಿಗನ್ ಸರೋವರದ ದಂಡೆಯ ಇಂಡಿಯಾನಾ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಅಲ್ಲಿನ ಡ್ಯೂನ್‌ವುಡ್ ಬಿಡಾರದಲ್ಲಿ ಟ್ರೇಲರಿಗೆ ವಿದ್ಯುತ್ ಸಂಪರ್ಕವಿಲ್ಲ, ಆದ್ದರಿಂದ ಫರ್ನೇಸಿನ ಫ್ಯಾನು ಬ್ಯಾಟರಿಯನ್ನೇ ನಂಬಬೇಕು. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ರಾತ್ರಿ ಸರೋವರದ ಕಡೆಯಿಂದ ಗಾಳಿ ಬೀಸತೊಡಗಿದಾಗ ಮಾವನವರು ಮಂಕಿ ಟೋಪಿ ಹಾಕಿಕೊಂಡು ಜಾಲರಿಯ ಮುಂದೆ ಟಿಶ್ಯೂ ಕಾಗದದ ಚೂರು ಹಿಡಿದು ಕೂತರು. ಕಾಗದ ಜಾಲರಿಗೆ ಅಂಟಿ ನಿಂತಿತು. ಫ್ಯಾನು ಸರಿಯಾಗಿ ಎಳೆಯುತ್ತಿತ್ತು. ಉರಿ ನಡುವೆ ಆರಲಿಲ್ಲ. ಬೆಳಿಗ್ಗೆ ಬ್ಯಾಟರಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಮನೆಗೆ ಬಂದ ಮೇಲೆ ಮಾವನವರು ಹಲಗೆಯನ್ನು ಮತ್ತೊಮ್ಮೆ ಬಿಚ್ಚಿಸಿದರು. ಅವರ ಕಾರ್ಯಾಗಾರದಲ್ಲಿ ಬರಹ ಹಾಕದೆ ಗಾಡಿ ಹೊರಗೆ ಬಿಡುತ್ತಿರಲಿಲ್ಲವಂತೆ. ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ, ಬಸ್ಸಿನ ಬೋರ್ಡಿನ ಅಕ್ಷರದಲ್ಲಿ ಬರೆದರು: ‘ಬಿಚ್ಚುವ ಮುನ್ನ ಗ್ಯಾಸ್ ಬಂದ್ ಮಾಡಿ. ಜಾಲರಿ ಮುಚ್ಚಬಾರದು.’ ಈ ಟ್ರೇಲರನ್ನು ನಮ್ಮಿಂದ ಕೊಳ್ಳುವವರು ಇಂಡಿಯಾನಾದ ಯಾವುದೋ ಹಳ್ಳಿಯವರಾಗಿರುತ್ತಾರೆ ಎಂದು ನೆನಪಿಸಿದೆ. “ಅವರಿಗೆ ಬೇಕಾದ್ದನ್ನು ಕೆಳಗೆ ನೀವು ಬರೆಯಿರಿ” ಎಂದು ಮಾರ್ಕರನ್ನು ನನ್ನ ಕೈಗೆ ಕೊಟ್ಟರು.