12ನೇ ಕಾಲಂನಲ್ಲಿ ಯಾರಿದ್ದಾರೆ?

"ನೇಜಿ ನೆಟ್ಟದ್ದು ಯಾರು ಅಂತ ಇದರಲ್ಲಿ ಬರೆದುಂಟಾ ಮಗಾ?"

ಸೋಮವಾರ ಪುತ್ತೂರಿನಲ್ಲಿ, ದಸ್ತಾವೇಜು ಬರೆಯುವವರ ಇಕ್ಕಟ್ಟು ಕೋಣೆಯಲ್ಲಿ ಅತ್ತೆ ಹೀಗೆ ಕೇಳಿದಾಗ ಅವರ ತಮ್ಮ, ನನ್ನ ಚಿಕ್ಕಪ್ಪ, ಫ್ಯಾನಿನ ಕಡೆ ನೋಡಿದರು. ಬರೆಯುವ ಹುಡುಗ ಪಾಪ, ಇದನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡ. ಪಹಣಿಯ ಮೇಲೆ ಬೆರಳಿಟ್ಟು ತೋರಿಸಿದ.

"ಉಂಟಲ್ಲ ಅಮ್ಮ. 12ನೇ ಕಾಲಂ. ಸಾಗುವಳಿ ಮಾಡುವವರ ಹೆಸರು."

"ಯಾರದ್ದುಂಟು?"

ಓದಿದ. ಅಜ್ಜನ ಹೆಸರು. ಪಕ್ಕದಲ್ಲಿ 'ಸ್ವಂತ'.

ಅಜ್ಜ ತೀರಿಕೊಂಡದ್ದು ನಾನು ಹೈಸ್ಕೂಲಿನಲ್ಲಿರುವಾಗ. ಪಹಣಿಯಲ್ಲಿ ಅವರು ಇವತ್ತಿಗೂ ಸ್ವಂತ ಬೇಸಾಯ ಮಾಡುತ್ತಿದ್ದಾರೆ. ಸತ್ತವರ ಹೆಸರಿನಲ್ಲಿರುವ ಜಮೀನಿಗೆಲ್ಲ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿಕೊಳ್ಳಿ ಎಂದು ಈಗ ಸರಕಾರವೇ ಹಿಂದೆ ಬಿದ್ದಿರುವುದರಿಂದ ಚಿಕ್ಕಪ್ಪನಿಗೂ ಅವಸರ ಬಂದಿದೆ. ಅದಕ್ಕೆ ಮೊದಲು ಅತ್ತೆಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಬೇಕು. ಚಿಕ್ಕಪ್ಪ ಕೆಟ್ಟವರೇನಲ್ಲ. ಅತ್ತೆಯ ಕಣ್ಣಿನ ಆಪರೇಷನ್ನಿಗೆ ಓಡಾಡಿದ್ದು ಅವರೇ. ಆದರೆ ಅಕ್ಕ ಸೈನ್ ಹಾಕುವುದು ಸೂರ್ಯ ಮೂಡಿದಷ್ಟೇ ಸಹಜ ಎಂದು ನಂಬಿಕೊಂಡು, ಸ್ಟ್ಯಾಂಪಿನ ಹಣ ಕಟ್ಟಿಯೇ ಕರೆದುಕೊಂಡು ಬಂದಿದ್ದರು.

ನಮ್ಮದು ಡಿಕ್ಲರೇಷನ್ ಜಾಗ. ನಮ್ಮ ಜಿಲ್ಲೆಯಲ್ಲಿ ಇಷ್ಟು ಹೇಳಿದರೆ ಮನೆತನದ ಚರಿತ್ರೆ ಅರ್ಧ ಹೇಳಿದ ಹಾಗೆ. ಚಾಲಗೇಣಿಗೆ, ಅಂದರೆ ಧಣಿಗಳು ಬಿಡು ಎಂದರೆ ಬಿಡಬೇಕಾದ ಗೇಣಿಗೆ, ಗದ್ದೆ ಮಾಡಿ ಧಣಿಗಳ ಅಂಗಳಕ್ಕೆ ಅಕ್ಕಿಮುಡಿ ಹೊತ್ತವರು ಅಜ್ಜ. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯಲ್ಲಿದ್ದ ಜಮೀನೆಲ್ಲ ಸರಕಾರದ ವಶವಾಯಿತು. ಅದು ತನ್ನ ಹೆಸರಿಗಾಗಲು ಒಕ್ಕಲು (ಗೇಣಿಗೆ ಮಾಡುವವನು) ನಮೂನೆ 7ರಲ್ಲಿ ಅರ್ಜಿ (ನಮ್ಮ ಕಡೆಯ ಮಾತಿನಲ್ಲಿ ಡಿಕ್ಲರೇಷನ್) ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕು. ಅಧ್ಯಕ್ಷರಾಗಿ ಅಸಿಸ್ಟೆಂಟ್ ಕಮಿಷನರ್, ಜೊತೆಗೆ ಸರಕಾರ ನೇಮಿಸಿದ ನಾಲ್ವರು. ವಕೀಲರನ್ನು ಒಳಗೆ ಬಿಡಬಾರದೆಂದು ಕಾನೂನೇ ಹೇಳಿತ್ತು. (ಆ ಕಲಮನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 1987ರಲ್ಲಿ. ಅಷ್ಟರಲ್ಲಿ ನಮ್ಮ ಅಜ್ಜನಂಥವರ ಕೆಲಸ ಮುಗಿದಿತ್ತು, ಪುಣ್ಯ.) ಅಜ್ಜನ ಹತ್ತಿರ ಗೇಣಿ ಕೊಟ್ಟದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಧಣಿಗಳು ಕೊಟ್ಟರೆ ತಾನೆ? ಅವರನ್ನು ಉಳಿಸಿದ್ದು ಇದೇ 12ನೇ ಕಾಲಂ. ಅಲ್ಲಿ ಒಕ್ಕಲೆಂದು ಅವರ ಹೆಸರು ಬಿದ್ದಿತ್ತು, ಅಷ್ಟೆ.

ಅದೇ ಕಾಲಂ ಅತ್ತೆಗೆ ಉತ್ತರ ಕೊಡಲಿಲ್ಲ.

"ಅಪ್ಪ ಮಂಡಳಿಗೆ ಹೋದ ದಿನ ಗದ್ದೆಯಲ್ಲಿದ್ದದ್ದು ಅಮ್ಮ ಮತ್ತು ನಾನು. ಮಳೆ ಹೊಡೀತಿತ್ತು. ಇವನು ತೊಟ್ಟಿಲಲ್ಲಿ" ಎಂದು ಚಿಕ್ಕಪ್ಪನ ಕಡೆ ಗಲ್ಲ ಎತ್ತಿದರು. ಹುಡುಗ ನಕ್ಕ. ಚಿಕ್ಕಪ್ಪ ನಗಲಿಲ್ಲ.

ಸ್ವತಃ ಸಾಗುವಳಿ ಎಂದರೆ ಮನೆಯವರ ದುಡಿಮೆಯೂ ಸೇರುತ್ತದೆ ಎಂದು ಭೂಸುಧಾರಣೆ ಕಾಯ್ದೆಯಲ್ಲೇ ಇದೆ. ದುಡಿಮೆ ಲೆಕ್ಕಕ್ಕೆ ಬಂತು, ದುಡಿದವಳ ಹೆಸರು ಬರಲಿಲ್ಲ. ಮುಂದೆ 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, ಅದಕ್ಕೂ ಮೊದಲೇ ಮದುವೆಯಾದವರನ್ನು ಬಿಟ್ಟು. ಅತ್ತೆ ಅಲ್ಲೂ ಹೊರಗೆ. ಮದುವೆಯಾದವರನ್ನೂ ಸೇರಿಸಿಕೊಂಡ 2005ರ ಕೇಂದ್ರದ ತಿದ್ದುಪಡಿ ಬಂದ ಮೇಲೆ ಅವರ ಸೈನಿನ ಬೆಲೆ ಹೆಚ್ಚಿತು, ಚಿಕ್ಕಪ್ಪ ಕಾರು ಮಾಡಿ ಕರೆತಂದರು.

ನಮ್ಮ ಪಂಚಾಯತಿನಲ್ಲಿ ಅಧ್ಯಕ್ಷೆ ಹೆಂಗಸು. ಸದಸ್ಯರಲ್ಲೂ ಅರ್ಧ ಹೆಂಗಸರೇ, ಕಾನೂನಿನ ಪ್ರಕಾರ. ಗ್ರಾಮಸಭೆಯಲ್ಲಿ ದಾರಿದೀಪ, ನೀರಿನ ಬಿಲ್ಲು, ಮನೆಯ 9/11 (ಪಂಚಾಯತಿ ಕೊಡುವ ಆಸ್ತಿ ನಮೂನೆಗಳು), ಎಲ್ಲದರ ಬಗ್ಗೆ ಗಂಟೆಗಟ್ಟಲೆ ಜಗಳ ನಡೆಯುತ್ತದೆ. ಪಹಣಿಯ ಮಾತು ಬಂದರೆ "ಅದು ಕಂದಾಯ ಇಲಾಖೆಯದ್ದು, ವಿ.ಎ. (ಗ್ರಾಮ ಲೆಕ್ಕಿಗ) ಹತ್ತಿರ ಕೇಳಿ". ಯಾರ ಗದ್ದೆಯನ್ನು ಯಾರು ಮಾಡುತ್ತಾರೆಂದು ಸರಿಯಾಗಿ ಗೊತ್ತಿರುವ ಒಂದೇ ಸಭೆಗೆ ಅದನ್ನು ಹೇಳುವ ಅಧಿಕಾರವಿಲ್ಲ!

ಅತ್ತೆಯ ಪ್ರಶ್ನೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಮತ್ತೆ ಕೇಳಿದರು: "ಈಗ ಬೈಲಿನ ಗದ್ದೆ ಮಾಡುವವನ ಹೆಸರು ಅದರಲ್ಲಿ ಉಂಟಾ?"

ಇಲ್ಲ. ತೋಟ ಚಿಕ್ಕಪ್ಪನೇ ನೋಡಿಕೊಳ್ಳುತ್ತಾರೆ. ಗದ್ದೆ ಹಡಿಲು (ಪಾಳು) ಬೀಳಬಾರದೆಂದು ಏಣೇಲು, ಅಂದರೆ ಮಳೆಗಾಲದ ಬೆಳೆಗೆ ನೆರೆಯವರೊಬ್ಬರಿಗೆ ಕೊಟ್ಟಿದ್ದಾರೆ, ಬಾಯಿಮಾತಿನಲ್ಲಿ, ಅಕ್ಕಿಯ ಲೆಕ್ಕದಲ್ಲಿ. 1974ರ ತಿದ್ದುಪಡಿಯ ನಂತರ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಯಾರೂ ಜಮೀನು ಗೇಣಿಗೆ ಕೊಡುವಂತಿಲ್ಲ. ಹಾಗಾಗಿ ಕಾಗದವಿಲ್ಲ. ಕಾಗದವಿಲ್ಲದ್ದರಿಂದ ಬೆಳೆಸಾಲವಿಲ್ಲ. ನೆರೆ ಬಂದು ಪೈರು ಕೊಳೆತರೆ ಪರಿಹಾರ ಹೋಗುವುದು ಪಹಣಿಯವರ ಖಾತೆಗೆ. 2016ರಲ್ಲಿ ನೀತಿ ಆಯೋಗ, ಒಡೆಯನ ಹಕ್ಕು ಹೋಗದ ಹಾಗೆ ಗೇಣಿಯನ್ನು ಬರಹಕ್ಕೆ ತರುವ ಮಾದರಿ ಕಾಯ್ದೆಯೊಂದನ್ನು ಸಿದ್ಧಮಾಡಿತ್ತು. ಆ ಸುದ್ದಿ ನಮ್ಮ ಬೈಲಿಗೆ ಇಳಿಯಲಿಲ್ಲ.

"ಹೆಸರು ಹಾಕಿಸುವುದಾ? ನಾಳೆ ಅವನು ಡಿಕ್ಲರೇಷನ್ ಕೊಟ್ಟರೆ?" ಎಂದರು ಚಿಕ್ಕಪ್ಪ.

ನಮೂನೆ 7 ಕೊಡುವ ಅವಧಿ 1979ರ ಜೂನ್ 30ಕ್ಕೇ ಮುಗಿದಿದೆ. ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಡಿಕ್ಲರೇಷನ್ನಿನಿಂದಲೇ ಅನ್ನ ಉಂಡ ಮನೆಯಲ್ಲಿ ಡಿಕ್ಲರೇಷನ್ನಿನ ಹೆದರಿಕೆ! ಅಜ್ಜನ ಧಣಿಗಳು ರಶೀದಿ ಕೊಡದೆ ಇದ್ದದ್ದೂ ಇದೇ ಹೆದರಿಕೆಯಿಂದ ಇರಬೇಕು. ಒಂದು ತಲೆಮಾರಿನಲ್ಲಿ ನಾವು ಅವರ ಭಾಷೆಯನ್ನು ಇಷ್ಟು ಚೆನ್ನಾಗಿ ಕಲಿತೆವಲ್ಲ. ಗದ್ದೆ ಮಾಡುವ ಆ ಮನುಷ್ಯ ಒಮ್ಮೆಯೂ ತಕರಾರು ತೆಗೆದವರಲ್ಲ. ಅದೇ ನನಗೆ ಕಿರಿಕಿರಿ. ತಕರಾರು ತೆಗೆದರೆ ಮುಂದಿನ ವರ್ಷ ಗದ್ದೆ ಇಲ್ಲ ಎಂದು ಅವರಿಗೆ ಗೊತ್ತು.

ಅತ್ತೆ ಸೈನ್ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ. ಪಹಣಿಯ ಪ್ರತಿ ಕೇಳಿ ಪಡೆದು ಬ್ಯಾಗಿಗೆ ಹಾಕಿಕೊಂಡು, "ಆಟಿ (ಮಳೆಗಾಲದ ತುಳು ತಿಂಗಳು) ಕಳೆಯಲಿ, ನೋಡುವ" ಎಂದಿದ್ದಾರೆ. ಚಿಕ್ಕಪ್ಪ ಮೊನ್ನೆ ಫೋನ್ ಮಾಡಿ, ನಿನ್ನ ಮಾತು ಅಕ್ಕ ಕೇಳ್ತಾಳೆ, ಸ್ವಲ್ಪ ಹೇಳು ಎಂದರು. ಅವರ ಪಾಲು ಎಷ್ಟು ಬರುತ್ತದೆಂದು ಮೊದಲು ಲೆಕ್ಕ ಹಾಕಿ ಕೊಡಿ, ಆಮೇಲೆ ಹೇಳ್ತೇನೆ ಎಂದೆ. ಫೋನ್ ಇಟ್ಟರು.